ಪರದೇಶಕ್ಕೆ ಹೊರಟಿರಾ? ಮೊದಲು ಮೈ ನೋಡಿಕೊಳ್ಳಿ

ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಪುಣೆ–ಬೆಂಗಳೂರು ಹೆದ್ದಾರಿಯ ಬದಿಯ ಊರು. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ 2011ರಲ್ಲಿ ಸ್ಥಾಪನೆಯಾದದ್ದು ಇಲ್ಲಿಯೇ. ಇಲ್ಲಿನ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕನ್ನು ಸಿಮೆಂಟಿನ ಮೂರ್ತಿಗಳಾಗಿ ಕಡೆದು ನಿಲ್ಲಿಸಿದ್ದಾರೆ. ಮೂರ್ತಿಗಳು ನಿಂತಲ್ಲೇ ನಿಂತಿವೆ. ಹಳ್ಳಿಯ ಹುಡುಗರು ಮಾತ್ರ ನಿಲ್ಲುತ್ತಿಲ್ಲ. ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ, ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗುವುದು ಈ ಸೀಮೆಗೆ ಹೊಸತಲ್ಲ. ಈಗ ಅದೇ ಹೆದ್ದಾರಿ ವಿಮಾನ ನಿಲ್ದಾಣದವರೆಗೂ ಒಯ್ಯುತ್ತದೆ. ಐಟಿಐ ಮುಗಿಸಿದವರು, ಗೌಂಡಿ ಕೆಲಸ ಬಲ್ಲವರು, ಭಾರಿ ವಾಹನದ ಲೈಸೆನ್ಸ್ ಇದ್ದವರು, ನರ್ಸಿಂಗ್ ಓದಿದ ಹೆಣ್ಣುಮಕ್ಕಳು ಎರಡು ಮೂರು ವರ್ಷ ಹೊರಗೆ ದುಡಿದು, ಸಾಲ ತೀರಿಸಿ, ಮನೆ ಕಟ್ಟಿಸಿ ಮರಳುವ ಲೆಕ್ಕ ಹಾಕುತ್ತಾರೆ.

ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಅಂಶ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಹೊಸ ಬಟ್ಟೆ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲವೂ ಸಿದ್ಧವಾಗುತ್ತವೆ. ದುಡಿಯಬೇಕಾದ ಮೈಯನ್ನು ಸಿದ್ಧ ಮಾಡುವವರು ಕಡಿಮೆ. ಇಪ್ಪತ್ತೆರಡರ ಹುಡುಗನಿಗೆ ಏನಾಗುತ್ತದೆ ಎಂಬ ಧೈರ್ಯ ಹುಡುಗನಿಗೂ ಇರುತ್ತದೆ, ಮನೆಯವರಿಗೂ ಇರುತ್ತದೆ. ಪರದೇಶಕ್ಕೆ ಹೋಗುವವನು ಒಯ್ಯುವ ನಿಜವಾದ ಬಂಡವಾಳ ಆತನ ದೇಹವೇ. ಅದು ಕೆಟ್ಟರೆ ಸಂಬಳ ನಿಲ್ಲುತ್ತದೆ, ಆದರೆ ಸಾಲದ ಬಡ್ಡಿ ನಿಲ್ಲುವುದಿಲ್ಲ. ಆದ್ದರಿಂದ ಈ ವಾರ ಹೊರಡುವವರಿಗೂ ಕಳುಹಿಸುವವರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ನೋಡೋಣ.

ಮೂರು ತಿಂಗಳ ಮೊದಲೇ ತಯಾರಿ

ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರು ಹೊರಡುವ ಮುನ್ನ ಅಲ್ಲಿನ ಸರ್ಕಾರಗಳು ಮಾನ್ಯ ಮಾಡಿದ ಕೇಂದ್ರಗಳಲ್ಲಿ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಹಿಂದೆ ‘ಗಾಮ್ಕಾ’ ಎಂದು ಕರೆಯುತ್ತಿದ್ದ ಈ ವ್ಯವಸ್ಥೆಗೆ ಈಗ ‘ವಾಫಿದ್’ ಎಂಬ ಹೆಸರಿದೆ. ಕ್ಷಯವಿದೆಯೇ ಎಂದು ತಿಳಿಯಲು ಎದೆಯ ಎಕ್ಸ್‌ರೇ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್‌ಗಾಗಿ ರಕ್ತ ಪರೀಕ್ಷೆ. ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆ ಇದರಲ್ಲಿ ಸೇರಿವೆ. ಅಲ್ಲಿಗೆ ಹೋದ ಮೇಲೆ ಮತ್ತೊಮ್ಮೆ ಪರೀಕ್ಷೆ ನಡೆಯುತ್ತದೆ. ಅಲ್ಲಿ ದೋಷ ಕಂಡರೆ ವಾಪಸು ಕಳುಹಿಸುತ್ತಾರೆ. ಎಷ್ಟೋ ವರ್ಷಗಳ ಹಿಂದೆ ವಾಸಿಯಾದ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಉಳಿದಿದ್ದರೂ ತೊಡಕಾಗಬಹುದು.

ಇಲ್ಲಿಯೇ ಅನೇಕ ಕುಟುಂಬಗಳು ಎಡವುತ್ತವೆ. ಏಜೆಂಟನಿಗೆ ಮುಂಗಡ ಕೊಟ್ಟು, ಒಡವೆ ಅಡವಿಟ್ಟ ಮೇಲೆ ಎಕ್ಸ್‌ರೇ ತೆಗೆಸುತ್ತಾರೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧ. ಹಣ ಕೊಡುವ ಮುಂಚೆಯೇ ತಾಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ಒಂದು ಎದೆಯ ಎಕ್ಸ್‌ರೇ, ಹಿಮೋಗ್ಲೋಬಿನ್, ಸಕ್ಕರೆ, ರಕ್ತದೊತ್ತಡ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿ. ಕ್ಷಯ ಕಂಡುಬಂದರೆ ಎದೆಗುಂದಬೇಡಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಮಾತ್ರೆ ಪೂರ್ತಿ ಮುಗಿಸಿ, ಗುಣವಾದ ದಾಖಲೆ ಕಾಯ್ದಿಟ್ಟುಕೊಳ್ಳಿ. ಯಾರೋ ದುಡ್ಡು ಕೊಟ್ಟರೆ ‘ಫಿಟ್’ ಎಂದು ಬರೆಸಿಕೊಡುತ್ತೇನೆಂದರೆ ನಂಬಬೇಡಿ. ಕಾಗದ ಮೋಸ ಮಾಡಬಹುದು, ಅಲ್ಲಿ ತೆಗೆಯುವ ಎರಡನೆಯ ಎಕ್ಸ್‌ರೇ ಮೋಸ ಮಾಡುವುದಿಲ್ಲ.

ಹಲ್ಲನ್ನು ಮರೆಯಬೇಡಿ. ಹೊರದೇಶಗಳಲ್ಲಿ ಹಲ್ಲಿನ ಚಿಕಿತ್ಸೆ ಬಹಳ ದುಬಾರಿ. ಅನೇಕ ವಿಮಾ ಯೋಜನೆಗಳಲ್ಲಿ ಅದು ಸೇರಿರುವುದೇ ಇಲ್ಲ. ಹುಳುಕು ಹಲ್ಲನ್ನು ಇಲ್ಲಿಯೇ ತುಂಬಿಸಿಕೊಂಡು ಅಥವಾ ಕೀಳಿಸಿಕೊಂಡು ಹೋಗಿ. ಕನ್ನಡಕ ಹಾಕುವವರು ಒಂದು ಜೊತೆ ಹೆಚ್ಚಿಗೆ ಒಯ್ಯಿರಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ರಾತ್ರಿ ಪಾಳಿಯ ನರ್ಸ್ ಕೆಲಸಕ್ಕೆ ಹೋಗುವವರು ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಕಬ್ಬಿಣದ ಮಾತ್ರೆ ಪರಿಣಾಮ ತೋರಲು ಕೆಲವು ವಾರಗಳಾದರೂ ಬೇಕು.

ಲಸಿಕೆಗಳಿಗೂ ಸಮಯ ಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು ಆರು ತಿಂಗಳಲ್ಲಿ ಮುಗಿಯುತ್ತವೆ. ಆಸ್ಪತ್ರೆ ಕೆಲಸಕ್ಕೆ ಹೋಗುವವರಿಗೆ ಇದು ಅತ್ಯವಶ್ಯ. ಧನುರ್ವಾಯು ಲಸಿಕೆ ಹಾಕಿಸಿ ಹತ್ತು ವರ್ಷವಾಗಿದ್ದರೆ ಮತ್ತೊಮ್ಮೆ ಹಾಕಿಸಿ. ಆಫ್ರಿಕ ಅಥವಾ ದಕ್ಷಿಣ ಅಮೆರಿಕದ ಅನೇಕ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆ ಪಡೆದಿರಬೇಕು. ಇದನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನಗಳ ಬಳಿಕವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. 2016ರಿಂದ ಈ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ಅದನ್ನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಮಗ ದೂರ ಹೊರಟಾಗ ತಾಯಿ ಕರಚಿಕಾಯಿ, ಅಂಟಿನ ಉಂಡಿ, ಮಸಾಲೆ ಪುಡಿ ಕಟ್ಟಿಕೊಡುವುದು ಸಹಜ. ಅದರಲ್ಲಿ ಒಂದು ವಸ್ತುವಿನ ಬಗ್ಗೆ ಎಚ್ಚರ ಬೇಕು: ಗಸಗಸೆ. ನಮಗೆ ಅದು ಪಾಯಸದ ಸಾಮಾನು. ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯ, ಕತಾರ್, ಸಿಂಗಪುರದಂಥ ದೇಶಗಳಲ್ಲಿ ಅದು ನಿಷಿದ್ಧ ವಸ್ತು. ಅಫೀಮು ಗಿಡದ ಬೀಜ ಎಂಬುದೇ ಇದಕ್ಕೆ ಕಾರಣ. ತಿಳಿಯದೆ ಒಯ್ದವರೂ ಸೆರೆಮನೆ ಕಂಡಿದ್ದಾರೆ. ಉಂಡಿಗೆ ಉದುರಿಸಿದ ಒಂದು ಚಿಟಿಕೆಯೂ ಬೇಡ. ಎಲೆ, ಅಡಿಕೆ, ತಂಬಾಕು, ಗುಟ್ಕಾ ಸಹ ಬೇಡ. ಸಿಂಗಪುರದಲ್ಲಿ ಜಗಿಯುವ ತಂಬಾಕಿಗೆ ನಿಷೇಧವಿದೆ. ಚಟ ಇರುವವರಿಗೆ ಪ್ರಯಾಣವೇ ಅದನ್ನು ಬಿಡಲು ಒಳ್ಳೆಯ ನೆಪ.

ಔಷಧಿಗಳ ವಿಷಯ ಇನ್ನೂ ಸೂಕ್ಷ್ಮ. ಇಲ್ಲಿ ಸುಲಭವಾಗಿ ಸಿಗುವ ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿ, ನಿದ್ರೆ ಮಾತ್ರೆಗಳು ಅಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿವೆ. ಟ್ರಮಡಾಲ್, ಕೊಡೀನ್, ಆಲ್‌ಪ್ರಜೊಲಾಮ್, ಡಯಾಜೆಪಾಮ್ ಇಂಥವು. ಇವನ್ನು ಒಯ್ಯಲೇಬೇಕಾದವರು ಆ ದೇಶದ ಆರೋಗ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಉಳಿದ ಔಷಧಿಗಳಿಗೂ ಮೂರು ನಿಯಮಗಳನ್ನು ಪಾಲಿಸಿ. ಮಾತ್ರೆ ಅದರದೇ ಮೂಲ ಪೊಟ್ಟಣದಲ್ಲಿರಲಿ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಔಷಧಿಯ ಮೂಲ ಹೆಸರಿನೊಡನೆ ಇರಲಿ. ಆಸ್ತಮಾ, ಮೂರ್ಛೆರೋಗ, ಸಕ್ಕರೆ ಕಾಯಿಲೆ ಇರುವವರ ಔಷಧಿ ಕೈಚೀಲದಲ್ಲಿಯೇ ಇರಲಿ. ದೊಡ್ಡ ಪೆಟ್ಟಿಗೆ ಎಲ್ಲೋ ತಪ್ಪಿಹೋದರೆ ಮಾತ್ರೆಯೂ ಹೋಗುತ್ತದೆ.

ಪರರ ಗಂಟನ್ನು ಹೊರಬೇಡಿ. 2019ರಲ್ಲಿ ಮುಂಬೈಯ ದಂಪತಿ ಬಂಧುವೊಬ್ಬರು ಕೊಟ್ಟ ಪೊಟ್ಟಣ ಒಯ್ದು ಕತಾರಿನಲ್ಲಿ ಸಿಕ್ಕಿಬಿದ್ದರು. ಅದರೊಳಗೆ ಮಾದಕ ವಸ್ತು ಇತ್ತು. ಹತ್ತು ವರ್ಷ ಸಜೆಯಾಯಿತು. ನಿರಪರಾಧಿಗಳೆಂದು ಬಿಡುಗಡೆಯಾಗುವ ಹೊತ್ತಿಗೆ 2021 ಬಂದಿತ್ತು. ಅವರ ಮಗು ಹುಟ್ಟಿದ್ದು ಜೈಲಿನಲ್ಲಿ.

ಬಿಸಿಲು ಒಂದೇ ಅಲ್ಲ

‘ನಮಗೇನು ಬಿಸಿಲು ಹೊಸದೇ?’ ಎಂದು ಹೊಲದಲ್ಲಿ ದುಡಿದ ಹುಡುಗರು ಕೇಳುತ್ತಾರೆ. ಕೊಲ್ಲಿಯ ಬಿಸಿಲು ನಮ್ಮ ಏಪ್ರಿಲ್ ಬಿಸಿಲಲ್ಲ. ಉಷ್ಣತೆ 45 ಡಿಗ್ರಿ ದಾಟುವುದು ಒಂದು ಕಡೆ, ಸಮುದ್ರದ ತೇವ ಇನ್ನೊಂದು ಕಡೆ. ಮಣ್ಣಿನ ಹರವಿಯನ್ನು ನೆನೆಸಿಕೊಳ್ಳಿ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವುದರಿಂದ ಒಳಗಿನ ನೀರು ತಂಪಾಗುತ್ತದೆ. ಮಳೆಗಾಲದಲ್ಲಿ ಅದೇ ಹರವಿ ನೀರನ್ನು ಅಷ್ಟು ತಂಪು ಮಾಡುವುದಿಲ್ಲ, ಏಕೆಂದರೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ನಮ್ಮ ದೇಹವೂ ಹೀಗೆಯೇ. ಬೆವರು ಹರಿದರೆ ಸಾಲದು, ಆರಬೇಕು. ತೇವದ ಸೆಕೆಯಲ್ಲಿ ಬೆವರು ಆರದೆ ಮೈ ಒಳಗಿನಿಂದ ಕಾಯತೊಡಗುತ್ತದೆ.

ಹೊಸ ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಬರುವುದನ್ನೂ, ಬೆವರಿನಲ್ಲಿ ಉಪ್ಪು ಉಳಿಸುವುದನ್ನೂ ದೇಹ ಕಲಿಯುತ್ತದೆ. ಬಿಸಿಲಿನ ಹೊಡೆತಕ್ಕೆ ಹೆಚ್ಚು ಜನ ಬಲಿಯಾಗುವುದು ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲಿಯೇ. ಹೊಸಬನಿಗೆ ಮೊದಲ ದಿನ ಬಿಸಿಲಿನ ಕೆಲಸ ಐದನೆಯ ಒಂದು ಪಾಲು ಮಾತ್ರ ಕೊಟ್ಟು, ದಿನದಿನಕ್ಕೆ ಅಷ್ಟಷ್ಟೇ ಹೆಚ್ಚಿಸಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿ. ಧಣಿ ಇದನ್ನು ಪಾಲಿಸದಿದ್ದರೂ, ಹೊಸಬರು ಮೊದಲ ವಾರ ಹಳಬರೊಡನೆ ಪಂದ್ಯ ಕಟ್ಟಿ ದುಡಿಯಬಾರದು.

ನಡುಹಗಲಿನ ಬಿಸಿಲಲ್ಲಿ ಹೊರಗೆ ದುಡಿಸಬಾರದೆಂದು ಅಲ್ಲಿ ಕಾನೂನೇ ಇದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ. ಸೌದಿಯಲ್ಲಿ ಅದೇ ಅವಧಿಯಲ್ಲಿ 12ರಿಂದ 3ರವರೆಗೆ. ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ 11ರಿಂದ 4ರವರೆಗೆ. ಕತಾರಿನಲ್ಲಿ 2021ರ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರವರೆಗೆ ಬಿಡುವು. ಇದು ಧಣಿಯ ದಯೆಯಲ್ಲ, ನಿಮ್ಮ ಹಕ್ಕು.

ಸವಣೂರಿನ ದೊಡ್ಡಹುಣಸೆ ಮಠದ ಅಂಗಳದಲ್ಲಿ ದೈತ್ಯ ಮರಗಳಿವೆ. ಮೂಲದಲ್ಲಿ ಆಫ್ರಿಕದ ಮರಗಳು. ಮಳೆಗಾಲದಲ್ಲಿ ಕಾಂಡದ ತುಂಬ ನೀರು ಹಿಡಿದಿಟ್ಟುಕೊಂಡು ಬೇಸಿಗೆ ಕಳೆಯುವುದು ಈ ಜಾತಿಯ ಗುಣ. ಮನುಷ್ಯನಿಗೆ ಆ ಸೌಲಭ್ಯವಿಲ್ಲ. ಬೆಳಿಗ್ಗೆ ಒಮ್ಮೆಲೇ ಎರಡು ಲೀಟರ್ ಕುಡಿದರೆ ಅದು ಮಧ್ಯಾಹ್ನದವರೆಗೆ ಉಳಿಯುವುದಿಲ್ಲ, ಮೂತ್ರವಾಗಿ ಹೋಗುತ್ತದೆ. ಬಿಸಿಲಲ್ಲಿ ದುಡಿಯುವಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಬಾಯಾರಿಕೆಗೆ ಕಾಯಬಾರದು. ಹಾಗೆಂದು ತಾಸಿಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬರಿ ನೀರು ಕುಡಿಯುವುದೂ ಅಪಾಯ, ರಕ್ತದ ಉಪ್ಪಿನಂಶ ತೆಳುವಾಗುತ್ತದೆ. ನಡುವೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಕೊಲ್ಲಿಯ ಅಂಗಡಿಗಳಲ್ಲಿ ‘ಲಬನ್’ ಎಂಬ ಹೆಸರಿನಲ್ಲಿ ಮಜ್ಜಿಗೆ ಸಿಗುತ್ತದೆ. ಇಲ್ಲವೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಟ್ಟುಕೊಳ್ಳಿ. ನೀರು ಸಾಕಾಗಿದೆಯೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಚಹಾದ ಬಣ್ಣವಾದರೆ ಮೂತ್ರಪಿಂಡ ದೂರು ಹೇಳುತ್ತಿದೆ ಎಂದರ್ಥ.

ಮೂತ್ರಪಿಂಡದ ಬಗ್ಗೆ ಇನ್ನೊಂದು ಮಾತು. ಕೆಲಸದ ಸ್ಥಳದಲ್ಲಿ ಶೌಚಾಲಯ ದೂರವೆಂದು ನೀರು ಕುಡಿಯದಿರುವುದು, ಸಂಜೆ ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗುವುದು, ಇವೆರಡೂ ಸೇರಿದರೆ ಮೂತ್ರಪಿಂಡಕ್ಕೆ ಇಬ್ಬದಿಯ ಪೆಟ್ಟು. ನೇಪಾಳದಿಂದ ಕೊಲ್ಲಿಗೆ ದುಡಿಯಲು ಹೋದ ಎಷ್ಟೋ ತರುಣರು ಮೂತ್ರಪಿಂಡ ಕಳೆದುಕೊಂಡು ಊರಿಗೆ ಮರಳಿ ಡಯಾಲಿಸಿಸ್ ಯಂತ್ರದ ಮೊರೆ ಹೋದದ್ದು ಅಲ್ಲಿನ ವೈದ್ಯರ ಚಿಂತೆಗೆ ಕಾರಣವಾಗಿದೆ. ನಮ್ಮ ಹುಡುಗರಿಗೂ ಅದೇ ಬಿಸಿಲು, ಅದೇ ಕೆಲಸ.

ಪಕ್ಕದಲ್ಲಿ ದುಡಿಯುವವನು ತಡವರಿಸಿ ಮಾತಾಡಿದರೆ, ದಿಕ್ಕುತಪ್ಪಿದವನಂತೆ ವರ್ತಿಸಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ದೇಹದ ಉಷ್ಣತೆ 40 ಡಿಗ್ರಿ ದಾಟಿರುತ್ತದೆ, ಒಂದೊಂದು ನಿಮಿಷವೂ ಮುಖ್ಯ. ಕೂಡಲೇ ನೆರಳಿಗೆ ಒಯ್ಯಿರಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಉಪಯೋಗವಿಲ್ಲ. ಮೊದಲು ತಂಪು ಮಾಡಿ, ಜೊತೆಗೇ ಆಂಬುಲೆನ್ಸ್ ಕರೆಸಿ.

ಕೋಣೆ, ಊಟ, ನಿದ್ರೆ

ಒಂದು ಕೋಣೆಯಲ್ಲಿ ಆರೆಂಟು ಜನ, ಪಾಳಿಯ ಪ್ರಕಾರ ಮಲಗುವವರು ಬೇರೆ ಬೇರೆ. ಇಂಥಲ್ಲಿ ಕೆಮ್ಮು, ಕಜ್ಜಿ ಬೇಗ ಹರಡುತ್ತವೆ. ಹೊದಿಕೆ, ಟವೆಲ್ಲು, ಕ್ಷೌರದ ಬ್ಲೇಡು ಯಾರೊಂದಿಗೂ ಹಂಚಿಕೊಳ್ಳಬೇಡಿ. ಹವಾನಿಯಂತ್ರಿತ ಕೋಣೆಯ ಕಿಟಕಿಯನ್ನು ದಿನಕ್ಕೊಮ್ಮೆಯಾದರೂ ತೆರೆಯಿರಿ.

ಕೋಣೆ ಸೇರಿದ ಮೊದಲ ದಿನವೇ ಹೊರಗೆ ಹೋಗುವ ಎರಡನೆಯ ದಾರಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ನಮ್ಮ ಕಲಬುರಗಿ ಜಿಲ್ಲೆಯವರೊಬ್ಬರೂ ಅವರಲ್ಲಿದ್ದರು. ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಹೊಗೆ. ಹೊಗೆ ತುಂಬಿದಲ್ಲಿ ನಿಂತು ಓಡಬಾರದು. ಒದ್ದೆ ಬಟ್ಟೆ ಮೂಗಿಗೆ ಹಿಡಿದು ನೆಲಕ್ಕೆ ಬಗ್ಗಿ ಸಾಗಬೇಕು. ಚಳಿಗಾಲದ ರಾತ್ರಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಹಚ್ಚಿಕೊಂಡು ಮಲಗುವುದೂ ಅಷ್ಟೇ ಪ್ರಾಣಾಂತಿಕ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಮನೆಯಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ ಉಂಡು ಬೆಳೆದವರು ಅಲ್ಲಿ ಮೈದಾ ರೊಟ್ಟಿ, ಬಿಳಿ ಅನ್ನ, ಕರಿದ ಕೋಳಿ, ಬಾಟಲಿ ಪಾನೀಯಕ್ಕೆ ಇಳಿಯುತ್ತಾರೆ. ಎರಡು ವರ್ಷದಲ್ಲಿ ಹೊಟ್ಟೆ ಮುಂದೆ ಬರುತ್ತದೆ, ಹಿಂದೆಯೇ ಸಕ್ಕರೆ ಕಾಯಿಲೆ ಬರುತ್ತದೆ. ಹಣ ಉಳಿಸಲು ಒಂದು ಹೊತ್ತಿನ ಊಟ ಬಿಡುವವರೂ ಇದ್ದಾರೆ. ಇಬ್ಬರು ಮೂವರು ಸೇರಿ ಸರದಿಯ ಮೇಲೆ ಅಡುಗೆ ಮಾಡಿಕೊಳ್ಳುವುದು ಒಳ್ಳೆಯ ದಾರಿ. ಬೇಳೆ, ಕಡಲೆ, ಮೊಟ್ಟೆ, ಮೊಸರು, ಸೊಪ್ಪು ಎಲ್ಲಾ ದೇಶಗಳಲ್ಲೂ ಸಿಗುತ್ತವೆ. ಹೊರಡುವ ಮುಂಚೆ ಹುಡುಗರಿಗೂ ನಾಲ್ಕು ಅಡುಗೆ ಕಲಿಸಿ ಕಳುಹಿಸಿ. ಅದು ಉಂಡಿಯ ಡಬ್ಬಿಗಿಂತ ಹೆಚ್ಚು ದಿನ ಬರುತ್ತದೆ.

ಮದ್ಯ ನಿಷೇಧವಿರುವ ದೇಶಗಳಲ್ಲಿ ಕಳ್ಳತನದಿಂದ ಕಾಯಿಸಿದ ಸಾರಾಯಿ ಕೋಣೆಕೋಣೆಗೆ ತಲುಪುತ್ತದೆ. 2025ರ ಆಗಸ್ಟ್‌ನಲ್ಲಿ ಕುವೈತಿನಲ್ಲಿ ಮೆಥನಾಲ್ ಬೆರೆತ ಇಂಥ ಸಾರಾಯಿ ಕುಡಿದು 23 ಮಂದಿ ಸತ್ತರು, ಹಲವರು ಕಣ್ಣು ಕಳೆದುಕೊಂಡರು. ಅವರಲ್ಲಿ ಬಹುಪಾಲು ಏಷ್ಯಾದ ಕೂಲಿಕಾರರು.

ಚಳಿಯ ದೇಶ, ಸೊಳ್ಳೆಯ ದೇಶ

ಬ್ರಿಟನ್, ಜರ್ಮನಿಯಂಥ ದೇಶಗಳಿಗೆ ನರ್ಸ್ ಕೆಲಸಕ್ಕೋ ಓದಿಗೋ ಹೋಗುವವರ ಕಷ್ಟ ಬೇರೆ. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ನಮ್ಮ ಕಪ್ಪು ಚರ್ಮಕ್ಕೆ ಅಲ್ಲಿನ ಬಿಸಿಲಿನಿಂದ ಸಾಕಷ್ಟು ಡಿ ಜೀವಸತ್ವ ದೊರೆಯುವುದಿಲ್ಲ. ಮೈಕೈ ನೋವು, ಜಡತೆ, ಕಾರಣವಿಲ್ಲದ ಬೇಸರ ಕಾಣಿಸಿಕೊಳ್ಳಬಹುದು. ಹಗಲಿನಲ್ಲಿ ಅರ್ಧ ತಾಸಾದರೂ ಹೊರಗೆ ನಡೆಯಿರಿ, ವೈದ್ಯರನ್ನು ಕೇಳಿ ಡಿ ಜೀವಸತ್ವದ ಮಾತ್ರೆ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ ಮನೆ ಹಿಡಿದ ಮೊದಲ ವಾರವೇ ಹತ್ತಿರದ ವೈದ್ಯರಲ್ಲಿ ಹೆಸರು ನೋಂದಾಯಿಸಿ. ಕಾಯಿಲೆ ಬಿದ್ದ ಮೇಲೆ ಆ ಕೆಲಸಕ್ಕೆ ಓಡಾಡುವುದು ಕಷ್ಟ.

ಆಫ್ರಿಕಕ್ಕೆ ಹೋಗುವವರಿಗೆ ದೊಡ್ಡ ಶತ್ರು ಮಲೇರಿಯ. ಅಲ್ಲಿನ ಮಲೇರಿಯ ಹೆಚ್ಚಾಗಿ ಫಾಲ್ಸಿಪಾರಮ್ ಜಾತಿಯದು, ಮಿದುಳಿಗೆ ಏರಿದರೆ ಪ್ರಾಣ ತೆಗೆಯಬಲ್ಲದು. ಸೊಳ್ಳೆ ಪರದೆ ಒಯ್ಯಿರಿ, ತಡೆ ಮಾತ್ರೆಯ ಬಗ್ಗೆ ವೈದ್ಯರ ಸಲಹೆ ಪಡೆಯಿರಿ. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆಯ ಎಣ್ಣೆ ಮಾರಲು ಆಫ್ರಿಕದ ದೇಶಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಭುಗಿಲೆದ್ದಾಗ ಅವರಲ್ಲಿ ಅನೇಕರು ಅಲ್ ಫಾಶಿರ್ ಊರಿನಲ್ಲಿ ಅನ್ನ ನೀರಿಗೂ ಪರದಾಡಿ ಬಾಡಿಗೆ ಮನೆಗಳಲ್ಲಿ ಅಡಗಿ ಕೂತರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ನಡೆಸಿ ಸೂಡಾನಿನಲ್ಲಿ ಸಿಲುಕಿದ್ದವರನ್ನು ಕರೆತಂದಿತು. ಎಲ್ಲಿಗೆ ಹೋದರೂ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನಿಮ್ಮ ಹೆಸರು, ವಿಳಾಸ ನೋಂದಾಯಿಸಿ. ಕಷ್ಟ ಬಂದಾಗ ನಿಮ್ಮನ್ನು ಹುಡುಕುವುದು ಸುಲಭವಾಗುತ್ತದೆ.

‘ಆರಾಮ ಅದೀನಿ ಯವ್ವಾ’

ಇನ್ನು ಮುಖ್ಯ ವಿಷಯಕ್ಕೆ ಬರೋಣ. ದೂರದ ಮಗನಿಗೆ ಫೋನ್ ಮಾಡಿ ‘ಹ್ಯಾಂಗದೀ?’ ಎಂದರೆ ಬರುವ ಉತ್ತರ ಒಂದೇ: ‘ಆರಾಮ ಅದೀನಿ ಯವ್ವಾ.’ ಜ್ವರ ಇದ್ದಾಗಲೂ ಅದೇ, ಮೂರು ದಿನ ನಿದ್ರೆ ಇಲ್ಲದಾಗಲೂ ಅದೇ. ಸುಳ್ಳು ಹೇಳುವ ಚಟವಲ್ಲ ಇದು. ಮನೆಯವರು ಚಿಂತೆ ಮಾಡಿಯಾರು ಎಂಬ ಕಕ್ಕುಲಾತಿ ಒಂದು. ವೀಸಾಕ್ಕೆಂದು ತಂದ ಸಾಲ ಇನ್ನೊಂದು. ‘ಕಾಯಿಲೆ ಎಂದರೆ ರಜೆ, ರಜೆ ಎಂದರೆ ಸಂಬಳ ಕಡಿತ, ಹೆಚ್ಚಾದರೆ ವಾಪಸು, ಸಾಲ ಯಾರು ತೀರಿಸುವುದು?’ ಎಂಬ ಹೆದರಿಕೆಯಲ್ಲಿ ಹುಡುಗರು ನೋವು ನುಂಗುತ್ತಾರೆ. ಒಂದು ವಾರದಲ್ಲಿ ಗುಣವಾಗುವ ಕಾಯಿಲೆ ಆರು ತಿಂಗಳು ಒಳಗೇ ಬೆಳೆಯುತ್ತದೆ. ಬಡ್ಡಿ ಸಾಲ ಕಡಿಮೆ ಇದ್ದಷ್ಟೂ ಮಗ ನಿಜ ಹೇಳುವ ಧೈರ್ಯ ಹೆಚ್ಚು. ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟರ ಮೂಲಕವೇ ಹೋಗಿ. ನಿಯಮದ ಪ್ರಕಾರ ಅವರು ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಮಾತ್ರ.

ಹೊಸ ದೇಶದಲ್ಲಿ ಮೊದಲ ಎರಡು ಮೂರು ತಿಂಗಳು ಮನೆಯ ನೆನಪು ಕಾಡುವುದು ಸಹಜ. ಊಟ ರುಚಿಸುವುದಿಲ್ಲ, ಹಬ್ಬದ ದಿನ ಕಣ್ಣು ತುಂಬುತ್ತದೆ. ಇದು ಕಾಯಿಲೆಯಲ್ಲ. ಆದರೆ ಎರಡು ವಾರಕ್ಕೂ ಮಿಕ್ಕಿ ನಿದ್ರೆ ಹತ್ತದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಫೋನ್ ಎತ್ತುವುದೇ ಬೇಡವಾದರೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಾಯಿಗೆ ಬಂದರೆ ಅದು ಖಿನ್ನತೆ. ಇದಕ್ಕೆ ಔಷಧಿಯೂ ಇದೆ, ಸಮಾಧಾನದ ಮಾತಿನ ಚಿಕಿತ್ಸೆಯೂ ಇದೆ. ನಮ್ಮಲ್ಲಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರು ಕರೆ ಮಾಡಿ ಮಗನ ಪರವಾಗಿ ಸಲಹೆ ಕೇಳಬಹುದು. ದುಬೈಯಲ್ಲಿರುವವರಿಗೆ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342 ಇದೆ.

ಮನೆಯವರಿಗೂ ಒಂದು ಕಿವಿಮಾತು. ‘ಹ್ಯಾಂಗದೀ?’ ಎಂದು ಕೇಳಿದರೆ ‘ಆರಾಮ’ ಎಂದೇ ಉತ್ತರ ಬರುತ್ತದೆ. ಪ್ರಶ್ನೆ ಬದಲಿಸಿ. ‘ಇವತ್ತ ಏನ ಉಂಡಿ? ರಾತ್ರಿ ಎಷ್ಟ ತಾಸು ಮಲಗಿದ್ದಿ? ಕೆಮ್ಮ ಹೋತೇನು?’ ಎಂದು ಕೇಳಿ. ದುಡ್ಡಿನ ಮಾತನ್ನು ಮೊದಲು ಎತ್ತಬೇಡಿ. ನಮ್ಮಲ್ಲಿ ಬೆಳಿಗ್ಗೆ ಐದೆಂದರೆ ಸೌದಿ, ಕುವೈತ್, ಕತಾರಿನಲ್ಲಿ ಇನ್ನೂ ಎರಡೂವರೆ. ಅವನ ನಿದ್ರೆ ಕೆಡದ ವೇಳೆ ಗೊತ್ತುಮಾಡಿಕೊಂಡು ಫೋನ್ ಮಾಡಿ. ‘ಆಗಲಿಲ್ಲ ಅಂದ್ರ ಬಂದುಬಿಡು, ರೊಟ್ಟಿ ಇಲ್ಲೂ ಐತಿ’ ಎಂಬ ಒಂದು ಮಾತನ್ನು ಹೊರಡುವ ದಿನವೇ ಹೇಳಿ ಕಳುಹಿಸಿ. ಆ ಮಾತು ಕೇಳಿ ಯಾರೂ ಕೆಲಸ ಬಿಟ್ಟು ಓಡಿಬರುವುದಿಲ್ಲ. ಬದಲಾಗಿ, ಕಾಯಿಲೆಯನ್ನು ಬಚ್ಚಿಡುವ ಅಗತ್ಯ ಅವರಿಗೆ ಉಳಿಯುವುದಿಲ್ಲ.

ಒಂಟಿತನದಲ್ಲಿ ಕಾಲು ಜಾರುವುದುಂಟು. ತಂದೆತಾಯಂದಿರು ಮುಜುಗರ ಬಿಟ್ಟು ಎಚ್‌ಐವಿ, ಲೈಂಗಿಕ ರೋಗ, ಕಾಂಡೋಮ್ ಬಗ್ಗೆ ಮಾತನಾಡಬೇಕು. ಅದು ಸಾಧ್ಯವಿಲ್ಲದಿದ್ದರೆ ವೈದ್ಯರಿಂದಲಾದರೂ ಹೇಳಿಸಬೇಕು. ಕೊಲ್ಲಿಯಲ್ಲಿ ವೀಸಾ ನವೀಕರಣದ ಪರೀಕ್ಷೆಯಲ್ಲಿ ಎಚ್‌ಐವಿ ಕಂಡರೆ ದೇಶ ಬಿಡಬೇಕಾಗುತ್ತದೆ.

ವಿಮೆ ಮತ್ತು ಮರಳಿದ ಮೇಲೆ

ಹತ್ತನೇ ತರಗತಿ ಪಾಸಾಗದೆ ಕೊಲ್ಲಿಯಂಥ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ವಲಸೆ ಅನುಮತಿ ಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಹತ್ತು ಲಕ್ಷ ರೂಪಾಯಿ ಪರಿಹಾರ. ಆ ಕಾಗದದ ಪ್ರತಿಯೊಂದು ಮನೆಯಲ್ಲಿರಲಿ. ಧಣಿಯ ಖರ್ಚಿನ ಆರೋಗ್ಯ ವಿಮೆ ಸೌದಿಯಲ್ಲಿ ಕಡ್ಡಾಯ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2025ರ ಜನವರಿಯಿಂದ ಏಳೂ ಎಮಿರೇಟ್‌ಗಳಲ್ಲಿ ಕಡ್ಡಾಯವಾಗಿದೆ. ವಿಮಾ ಕಾರ್ಡ್ ಕೇಳಿ ಪಡೆದುಕೊಳ್ಳಿ, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಆರೋಗ್ಯವಾಗಿರುವಾಗಲೇ ತಿಳಿದುಕೊಳ್ಳಿ.

ಮರಳಿ ಬಂದವರು ಸತ್ಕಾರದ ಊಟ ಮುಗಿದ ವಾರದೊಳಗೆ ಒಮ್ಮೆ ವೈದ್ಯರಲ್ಲಿಗೆ ಹೋಗಿ. ರಕ್ತದೊತ್ತಡ, ಸಕ್ಕರೆ, ರಕ್ತದ ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಮಾಡಿಸಿ. ಎರಡು ವಾರಕ್ಕೂ ಹೆಚ್ಚಿನ ಕೆಮ್ಮು ಇದ್ದರೆ ಕಫ ಪರೀಕ್ಷೆ ಆಗಲಿ. ಆಫ್ರಿಕದಿಂದ ಬಂದವರಿಗೆ ಕೆಲವು ತಿಂಗಳ ನಂತರ ಜ್ವರ ಬಂದರೂ ಅದು ಮಲೇರಿಯ ಇರಬಹುದು. ‘ನಾನು ಆಫ್ರಿಕದಲ್ಲಿದ್ದೆ’ ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಿ.

ಹೊರಡುವ ಮುನ್ನ ಈ ತುರ್ತು ಸಂಖ್ಯೆಗಳನ್ನು ಬರೆದುಕೊಳ್ಳಿ: ಆಂಬುಲೆನ್ಸ್‌ಗೆ ಸಂಯುಕ್ತ ಅರಬ್ ಎಮಿರೇಟ್ಸ್ 998, ಸೌದಿ 997, ಕುವೈತ್ 112, ಕತಾರ್ 999, ಒಮಾನ್ 9999, ಬಹರೈನ್ 999, ಬ್ರಿಟನ್ 999, ಜರ್ಮನಿ 112.

ಹೊರದೇಶದ ದುಡಿಮೆ ನಾಲ್ಕು ದಿನದ್ದು, ಮೈ ಜೀವಮಾನದ್ದು. ದುಡಿದ ಹಣದಲ್ಲಿ ಕಟ್ಟಿಸಿದ ಮನೆಯಲ್ಲಿ ವಾಸ ಮಾಡಲು ದುಡಿದವನೂ ಇರಬೇಕು, ಆರೋಗ್ಯವಾಗಿರಬೇಕು. ಕಳುಹಿಸುವ ಹಣದ ಲೆಕ್ಕ ಬರೆದಿಡುವ ವಹಿಯಲ್ಲಿಯೇ ಒಂದು ಪುಟ ಆರೋಗ್ಯಕ್ಕೂ ಇರಲಿ: ಯಾವ ಲಸಿಕೆ ಎಂದು ಆಯಿತು, ರಕ್ತದ ಗುಂಪು ಯಾವುದು, ಯಾವ ಔಷಧಿ ಒಗ್ಗುವುದಿಲ್ಲ, ವಿಮೆಯ ಸಂಖ್ಯೆ ಏನು. ಒಂದು ಪ್ರತಿ ಅವರ ಕಿಸೆಯಲ್ಲಿ, ಒಂದು ಪ್ರತಿ ನಿಮ್ಮ ಕಪಾಟಿನಲ್ಲಿ ಇರಲಿ.